ಕಾರಿನ ಮುಂದಿನ ಆಕ್ಸಲ್ ಆಯಿಲ್ ಸೀಲ್ ಮನೆ ಹತ್ರಾನೇ ಬದಲಾಯಿಸೋದು ಹೇಗೆ

ಒಂದಿನ ಬೆಳಗ್ಗೆ ಅಮ್ಮ ಅಂಗಳ ತೊಳೀತಾ ಇದ್ದವರು ಕೂಗಿದ್ರು, "ಏನೋ ಇದು, ಎಷ್ಟು ಉಜ್ಜಿದ್ರೂ ಜಿಡ್ಡು ಬಿಡ್ತಿಲ್ಲ, ರಂಗೋಲಿ ಪುಡಿ ನಿಲ್ತಾನೇ ಇಲ್ಲ, ನಿನ್ನ ಕಾರಿಂದೇ ಇರ್ಬೇಕು ನೋಡು" ಅಂತ. ಹೋಗಿ ನೋಡಿದ್ರೆ ಎಡಗಡೆ ಮುಂದಿನ ಚಕ್ರದಿಂದ ಒಂದು ಗೇಣು ಒಳಗಡೆ ಅಂಗೈ ಅಗಲದ ಎಣ್ಣೆ ಕಲೆ. ನಮ್ಮದು ಚಿಂತಾಮಣಿ ಕಡೆ ಹಳ್ಳಿ, ಗಾಡಿ ಹಳೇ ಆಲ್ಟೊ, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಆ ಕಲೆ ಗೇರ್ ಆಯಿಲ್‌ದು, ಚಕ್ರ ತಿರುಗಿಸೋ ಕಬ್ಬಿಣದ ಕಡ್ಡಿ, ಅಂದ್ರೆ ಡ್ರೈವ್ ಶಾಫ್ಟು, ಗೇರ್‌ಬಾಕ್ಸ್ ಒಳಗೆ ಹೋಗೋ ಜಾಗದಲ್ಲಿ ಎಣ್ಣೆ ಹೊರಗೆ ಬರದಂಗೆ ತಡೆಯೋ ರಬ್ಬರ್ ಬಳೆ, ಅಂದ್ರೆ ಸೀಲ್, ಹೋಗಿತ್ತು. ಈ ಕೆಲಸಾನ ನಾನು ಈಗ ಮೂರು ಸಲ ಮಾಡಿದ್ದೀನಿ, ಅದರಲ್ಲಿ ಎರಡು ಸಲ ಒಂದೇ ಕಡೆ ಒಂದೇ ಸೀಲು, ಯಾಕೆ ಅಂತ ಆಮೇಲೆ ಹೇಳ್ತೀನಿ, ಯಾಕಂದ್ರೆ ಈ ಲೇಖನ ಬರೀತಿರೋದೇ ಅದಕ್ಕೆ. ಸೀಲ್ ಹಾಕೋದು ಕಷ್ಟ ಅಲ್ಲ, ಸೀಲ್ ಯಾಕೆ ಹೋಯ್ತು ಅಂತ ನೋಡ್ದೆ ಹಾಕಿದ್ರೆ ಮಾತ್ರ ಮೂರ್ ತಿಂಗಳಿಗೆ ಮತ್ತೆ ಅದೇ ಕಾರಿನ ಕೆಳಗೆ ಮಲಗ್ಬೇಕಾಗುತ್ತೆ.

ಇಲ್ಲಿ ಹೇಳ್ತಿರೋದು ಆಲ್ಟೊ, ಮಾರುತಿ 800, ಸ್ವಿಫ್ಟ್ ಥರ ಮುಂದಿನ ಚಕ್ರ ಎಳೆಯೋ ಮ್ಯಾನುಯಲ್ ಗೇರಿನ ಗಾಡಿಗಳಿಗೆ. ಬೊಲೆರೊ, ಓಮ್ನಿ ಇಟ್ಕೊಂಡಿರೋರಿಗೆ ಹಿಂದಿನ ಆಕ್ಸಲ್ ಕಥೆ ಬೇರೆ, ಫೋರ್ ವೀಲ್ ಜೀಪಿನ ಮುಂದಿನ ಆಕ್ಸಲ್ ಇನ್ನೂ ಬೇರೆ.

ಮೊದಲು ಇದು ಆ ಸೀಲೇನಾ ಅಂತ ಖಾತ್ರಿ ಮಾಡ್ಕೊಳ್ಳಿ

ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ, ಚಕ್ರ ಎಲ್ಲಿದೆ ಅಂತ ಪೆನ್ನಲ್ಲಿ ಗುರುತು ಮಾಡಿ, ಬೆಳಗ್ಗೆ ಎದ್ದು ಹನಿ ಎಲ್ಲಿ ಬಿದ್ದಿದೆ ನೋಡಿ. ಆ ಎಣ್ಣೇನ ಬೆರಳಿಗೆ ತಗೊಂಡು ಮೂಸಿ ನೋಡಿದ್ರೆ ಗೇರ್ ಆಯಿಲ್ ಆದ್ರೆ ಗಂಧಕದ ಥರ ಒಂದು ಘಾಟು ವಾಸನೆ ಬರುತ್ತೆ, ಒಂದ್ಸಲ ಮೂಸಿದೋರು ಮರೆಯಲ್ಲ. ಎಂಜಿನ್ ಆಯಿಲ್‌ಗೆ ಆ ವಾಸನೆ ಇರಲ್ಲ, ಸಾಮಾನ್ಯವಾಗಿ ಕಪ್ಪಗೆ ತೆಳ್ಳಗೆ ಇರುತ್ತೆ. ನೀರಿನ ಥರ ಜಾರುತ್ತಾ ಚಕ್ರದ ಒಳಮೈ ಮೇಲೆ ಇದ್ರೆ ಅದು ಬ್ರೇಕ್ ಆಯಿಲ್, ಅಂಥಾ ಗಾಡೀನ ಓಡಿಸ್ಲೇಬೇಡಿ, ಮೊದಲು ಬ್ರೇಕ್ ನೋಡಿಸಿ. ರಿಮ್ಮಿನ ಒಳಗಡೆ ಸುತ್ತಲೂ ಕಪ್ಪು ಗ್ರೀಸ್ ಚಿಮ್ಮಿದ್ರೆ ಶಾಫ್ಟಿನ ಜಾಯಿಂಟ್ ಮುಚ್ಚೋ ರಬ್ಬರ್ ಚೀಲ, ಅಂದ್ರೆ ಬೂಟ್, ಹರಿದಿದೆ ಅಂತ ಅರ್ಥ, ಅದಕ್ಕೂ ಸೀಲಿಗೂ ಸಂಬಂಧ ಇಲ್ಲ.

ಇನ್ನೊಂದು, ಎಂಜಿನ್ ಮೇಲಿಂದ ಸೋರಿದ ಎಣ್ಣೆ ಹರ್ಕೊಂಡು ಬಂದು ಇದೇ ಜಾಗದಲ್ಲಿ ತೊಟ್ಟಿಕ್ಕೋದೂ ಉಂಟು. ಅದಕ್ಕೆ ಆ ಜಾಗಾನೆಲ್ಲ ಸೀಮೆಎಣ್ಣೆ ಇಲ್ಲ ಡೀಸೆಲ್ ಹಾಕಿ ಬ್ರಷ್ಷಲ್ಲಿ ತೊಳೆದು ಒರೆಸಿ, ಹತ್ತು ಹದಿನೈದು ಕಿಲೋಮೀಟರ್ ಓಡಿಸ್ಕೊಂಡು ಬಂದು, ಟಾರ್ಚ್ ಹಿಡಿದು ನೋಡಿ. ಶಾಫ್ಟ್ ಗೇರ್‌ಬಾಕ್ಸ್ ಸೇರೋ ಸಂದಿಯಿಂದಾನೇ ಹೊಸದಾಗಿ ಒದ್ದೆ ಆಗ್ತಿದ್ರೆ ಮಾತ್ರ ಮುಂದಕ್ಕೆ ಹೋಗಿ.

ಸೀಲ್ ತರೋದು

ಅಂಗಡಿಗೆ ಹೋಗಿ ಬರೀ "ಆಲ್ಟೊ ಆಕ್ಸಲ್ ಸೀಲ್ ಕೊಡಿ" ಅಂದ್ರೆ ಕೈಗೆ ಸಿಕ್ಕಿದ್ದು ಕೊಡ್ತಾರೆ. ಗಾಡಿ ಯಾವ ವರ್ಷದ್ದು, ಚಾಸಿ ನಂಬರ್ ಏನು ಅಂತ ಆರ್‌ಸಿ ನೋಡಿ ಬರ್ಕೊಂಡು ಹೋಗಿ, ಎಡಗಡೆದಾ ಬಲಗಡೆದಾ ಅಂತಾನೂ ಹೇಳಿ. ಎಷ್ಟೋ ಗಾಡಿಗಳಲ್ಲಿ ಎರಡೂ ಕಡೆ ಸೀಲ್ ಬೇರೆ ಬೇರೆ, ಅಳತೆ ಒಂದೇ ಇದ್ರೂ ಬೇರೆ ಇರ್ಬೋದು. ಕೆಲವು ಸೀಲಿನ ಮೇಲೆ ಒಂದು ಬಾಣದ ಗುರುತು ಇರುತ್ತೆ, ಅದು ಶಾಫ್ಟ್ ತಿರುಗೋ ದಿಕ್ಕು. ಅದರ ತುಟಿ, ಅಂದ್ರೆ ಶಾಫ್ಟಿಗೆ ಒತ್ಕೊಂಡಿರೋ ರಬ್ಬರ್ ಅಂಚಿನ ಮೇಲೆ ಸಣ್ಣ ಸಣ್ಣ ಓರೆ ಗೆರೆಗಳಿರ್ತವೆ, ಶಾಫ್ಟ್ ತಿರುಗಿದಾಗ ಆ ಗೆರೆಗಳು ಎಣ್ಣೇನ ವಾಪಸ್ ಒಳಗೆ ತಳ್ತವೆ. ಎಡಗಡೆ ಸೀಲನ್ನ ಬಲಗಡೆ ಹಾಕಿದ್ರೆ ಅದೇ ಗೆರೆಗಳು ಎಣ್ಣೇನ ಹೊರಗೆ ತಳ್ತವೆ, ಹೊಸಾ ಸೀಲೇ ಹಾಕಿದ್ರೂ ಸೋರುತ್ತೆ.

ಸೀಲಿನ ಮೈ ಮೇಲೆ ಮೂರು ನಂಬರ್ ಇರ್ತವೆ. ಉದಾಹರಣೆಗೆ 35 55 9 ಅಂತ ಇದ್ರೆ ಒಳ ಅಳತೆ 35 ಮಿಲಿಮೀಟರ್, ಹೊರ ಅಳತೆ 55, ದಪ್ಪ 9 ಅಂತ. ಪಕ್ಕದಲ್ಲಿ ಟಿಸಿ ಅಂತಿದ್ರೆ ಎರಡು ತುಟಿ ಇರೋದು, ಒಂದು ಎಣ್ಣೆ ತಡೆಯಕ್ಕೆ ಇನ್ನೊಂದು ಧೂಳು ತಡೆಯಕ್ಕೆ. ನಮ್ಮ ಕಡೆ ಕೆಂಪು ಮಣ್ಣಿನ ರೋಡಿಗೆ ಆ ಧೂಳಿನ ತುಟಿ ಇರ್ಲೇಬೇಕು. ಅಂಗಡೀಲೇ ಹೆಬ್ಬೆಟ್ಟಿನ ಉಗುರಲ್ಲಿ ತುಟೀನ ಮೆಲ್ಲಗೆ ಒತ್ತಿ ನೋಡಿ, ಒತ್ತಿದ ಕೂಡ್ಲೇ ವಾಪಸ್ ಬರ್ಬೇಕು, ಗಟ್ಟಿಯಾಗಿದ್ರೆ ಅಥವಾ ಸಣ್ಣ ಬಿರುಕು ಕಂಡ್ರೆ ಅದು ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದಿದ್ದ ಮಾಲು, ಬೇಡ ಅನ್ನಿ.

ಜೊತೆಗೆ ಶಾಫ್ಟಿನ ತುದೀಲಿ ಕೂತು ಅದು ಜಾರದಂಗೆ ಹಿಡಿಯೋ ತಂತಿ ಉಂಗುರ, ಅಂದ್ರೆ ಸರ್ಕ್ಲಿಪ್, ಒಂದು ಹೊಸದು, ಗೇರ್ ಆಯಿಲ್, ಎಣ್ಣೆ ಇಳಿಸೋ ಡ್ರೈನ್ ಪ್ಲಗ್ಗಿಗೆ ಸ್ವಲ್ಪ ಸೀಲೆಂಟ್ ಇಲ್ಲ ವಾಷರ್ ತನ್ನಿ. ಸಣ್ಣ ಮಾರುತಿಗಳಿಗೆ ಎಣ್ಣೆ ಎರಡು ಎರಡೂವರೆ ಲೀಟರ್ ಆಸುಪಾಸಲ್ಲಿ ಹಿಡಿಯುತ್ತೆ. ಗ್ರೇಡ್ ಮಾತ್ರ ನಿಮ್ಮ ಗಾಡಿ ಪುಸ್ತಕದಲ್ಲಿ ಏನಿದೆಯೋ ಅದೇ ತರ್ಬೇಕು. ಜಿಎಲ್-4 ಅಂತ ಬರೆದಿದ್ರೆ ಜಿಎಲ್-4ನೇ ತನ್ನಿ, "ಜಿಎಲ್-5 ಅದಕ್ಕಿಂತ ಒಳ್ಳೇದು ಹಾಕಿ ಸಾರ್" ಅಂತ ಹೇಳೋರಿದ್ದಾರೆ, ಕೇಳ್ಬೇಡಿ, ಅದರಲ್ಲಿರೋ ಗಂಧಕದ ಅಂಶ ಒಳಗೆ ಗೇರ್ ಸಲೀಸಾಗಿ ಬೀಳೋ ಹಾಗೆ ಮಾಡೋ ಹಿತ್ತಾಳೆ ಸಿಂಕ್ರೊ ರಿಂಗುಗಳಿಗೆ ಆಗಿಬರಲ್ಲ.

ಜಾಕ್ ಹಾಕೋ ಮುಂಚೆ

ಇದನ್ನ ಓದಿ ದಾಟ್ಕೊಂಡು ಹೋಗ್ಬೇಡಿ. ಗಾಡಿ ಜೊತೆ ಬರೋ ಜಾಕು ಸ್ಟೆಪ್ನಿ ಬದಲಾಯಿಸಕ್ಕೆ ಮಾತ್ರ, ಅದರ ನಂಬಿಕೆ ಮೇಲೆ ಯಾರೂ ಕೆಳಗೆ ತಲೆ ಹಾಕ್ಬಾರ್ದು. ನಮ್ಮೂರಲ್ಲಿ ಹಾಲೋ ಬ್ರಿಕ್ಸ್ ಎರಡು ಜೋಡಿಸಿ ಅದರ ಮೇಲೆ ಗಾಡಿ ಕೂರ್ಸೋರನ್ನ ನೋಡಿದ್ದೀನಿ, ಅದನ್ನ ಕಂಡ್ರೆ ನಂಗೆ ಎದೆ ಝಲ್ ಅನ್ನುತ್ತೆ, ಆ ಇಟ್ಟಿಗೆ ಮುನ್ಸೂಚನೆ ಕೊಡ್ದೆ ಪುಡಿ ಆಗುತ್ತೆ. ಆಕ್ಸಲ್ ಸ್ಟ್ಯಾಂಡ್ ಒಂದು ಜೊತೆ ಕೊಂಡ್ಕೊಳ್ಳಿ ಇಲ್ಲ ಪಂಕ್ಚರ್ ಅಂಗಡಿಯವರ ಹತ್ರ ಒಂದಿನಕ್ಕೆ ಇಸ್ಕೊಳ್ಳಿ. ಮಣ್ಣಿನ ಅಂಗಳ ಆದ್ರೆ ಸ್ಟ್ಯಾಂಡಿನ ಕೆಳಗೆ ಚಪ್ಪಡಿ ಕಲ್ಲು ಹಾಕಿ, ನಮ್ಮ ಜಿಲ್ಲೇಲಿ ಅದಕ್ಕೇನು ಬರ ಇಲ್ಲ, ಅಲುಗಾಡದ ಹಾಗೆ ಸಮ ಕೂತಿರ್ಬೇಕು ಅಷ್ಟೇ. ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ನೀಲಗಿರಿ ತುಂಡು ಕೊಡಿ, ಹ್ಯಾಂಡ್‌ಬ್ರೇಕ್ ಎಳೀರಿ. ಬಿಚ್ಚಿದ ಚಕ್ರಾನ ಬಾಗಿಲ ಕೆಳಗೆ ಅಡ್ಡ ಮಲಗಿಸಿ, ಏನಾದ್ರೂ ಜಾರಿದ್ರೂ ಗಾಡಿ ಅದರ ಮೇಲೆ ಕೂರುತ್ತೆ. ಮನೇಲಿ ಒಬ್ರಿಗೆ ಹೇಳಿಟ್ಟು ಕೆಳಗೆ ಹೋಗಿ, ಮಕ್ಕಳನ್ನ ಆ ಕಡೆ ಬಿಡ್ಬೇಡಿ.

ಈಗ ಬಿಚ್ಚೋದು

ಎಣ್ಣೆ ಉಗುರುಬೆಚ್ಚಗಿದ್ರೆ ಚೆನ್ನಾಗಿ ಇಳಿಯುತ್ತೆ. ಆದ್ರೆ ಡ್ರೈನ್ ಪ್ಲಗ್ ಮುಟ್ಟೋ ಮುಂಚೆ ಮೇಲಿನ, ಎಣ್ಣೆ ತುಂಬೋ ಫಿಲ್ಲರ್ ಪ್ಲಗ್ ಬಿಚ್ಚಿ ನೋಡ್ಬೇಕು, ಇದು ಮರೀಬೇಡಿ. ಡ್ರೈನ್ ಬಿಚ್ಚಿ ಎಣ್ಣೆ ಎಲ್ಲಾ ಸುರಿದ ಮೇಲೆ ಫಿಲ್ಲರ್ ತುಕ್ಕು ಹಿಡಿದು ಬರ್ಲಿಲ್ಲ ಅಂದ್ರೆ ಗಾಡಿ ಎಳ್ಕೊಂಡೇ ಗ್ಯಾರೇಜಿಗೆ ಹೋಗ್ಬೇಕು. ಕೆಲವಕ್ಕೆ ಬೋಲ್ಟ್ ತಲೆ ಇರುತ್ತೆ, ಕೆಲವಕ್ಕೆ ಚೌಕದ ತೂತು, ಸರಿಯಾದ ಪಾನಾ ಇಲ್ದೆ ಕಟಿಂಗ್ ಪ್ಲೇಯರ್ ಹಾಕಿ ತಿರುಚಿ ತಲೆ ಸವೆಸ್ಬೇಡಿ. ಇಳಿದ ಎಣ್ಣೇನ ಅಳತೆ ಗೊತ್ತಿರೋ ಕ್ಯಾನಿಗೆ ಹಿಡೀರಿ, ಎಷ್ಟು ಕಮ್ಮಿ ಆಗಿತ್ತು ಅಂತ ತಿಳಿಯುತ್ತೆ. ಎಣ್ಣೇಲಿ ಮಿನುಗೋ ಸಣ್ಣ ಪುಡಿ ಸ್ವಲ್ಪ ಇರೋದು ಮಾಮೂಲು, ಕೈಗೆ ಸಿಗೋ ಕಬ್ಬಿಣದ ಚೂರು ಇದ್ರೆ ಸೀಲಿಗಿಂತ ದೊಡ್ಡ ಕೆಲಸ ಇದೆ.

ಗ್ಯಾರೇಜಲ್ಲಿ ಬಹಳ ಜನ ಚಕ್ರದ ನಡುವಿನ ದೊಡ್ಡ ಆಕ್ಸಲ್ ನಟ್ಟು ಬಿಚ್ಚಿ ಶಾಫ್ಟ್ ಪೂರ್ತಿ ಹೊರಗೆ ತೆಗೀತಾರೆ. ಬರೀ ಗೇರ್‌ಬಾಕ್ಸ್ ಕಡೆ ಸೀಲಿಗೆ ಎಷ್ಟೋ ಗಾಡೀಲಿ ಅದರ ಅಗತ್ಯ ಇಲ್ಲ ಅನ್ನೋದು ನನ್ನ ಅನುಭವ. ಆ ನಟ್ಟಿಗೆ ಉದ್ದನೆ ಪೈಪ್ ಹಾಕಿ ತಿರುಗಿಸ್ಬೇಕು, ವಾಪಸ್ ಹಾಕುವಾಗ ಟಾರ್ಕ್, ಅಂದ್ರೆ ಬಿಗಿ ಮಾಡೋ ಅಳತೆ, ಸರಿ ಇರ್ಬೇಕು, ಇಲ್ದಿದ್ರೆ ವೀಲ್ ಬೇರಿಂಗ್ ಹೋಗುತ್ತೆ. ಅದರ ಬದಲು ಚಕ್ರ ಬಿಚ್ಚಿ, ಕೆಳಗಡೆ ಚಕ್ರದ ಭಾಗಾನ ಗಾಡಿಗೆ ಸೇರಿಸೋ ಲೋವರ್ ಆರ್ಮಿನ ತುದೀಲಿರೋ ಗುಂಡು ಕೀಲು, ಅಂದ್ರೆ ಬಾಲ್ ಜಾಯಿಂಟ್, ಹಿಡ್ಕೊಂಡಿರೋ ಬೋಲ್ಟ್ ಇರುತ್ತಲ್ಲ, ಅದನ್ನ ಪೂರ್ತಿ ಹೊರಗೆ ತೆಗೀರಿ. ಸಡಿಲ ಮಾಡಿದ್ರೆ ಸಾಲಲ್ಲ, ಬಾಲ್ ಜಾಯಿಂಟಿನ ಕಡ್ಡೀಲಿ ಒಂದು ಕೊರೆದ ಕಚ್ಚು ಇರುತ್ತೆ, ಬೋಲ್ಟ್ ಅದರೊಳಗೆ ಕೂತಿರುತ್ತೆ, ಬೋಲ್ಟ್ ಇರೋವರೆಗೂ ಸುತ್ತಿಗೇಲಿ ಎಷ್ಟು ಬಡಿದ್ರೂ ಬರಲ್ಲ. ಬೋಲ್ಟ್ ತೆಗೆದ್ಮೇಲೆ ಅದು ಬಿಗಿ ಹಿಡಿದಿದ್ದ ಸೀಳಿಗೆ ಉಳಿ ಇಟ್ಟು ಮೆಲ್ಲಗೆ ಒಂದೆರಡು ಏಟು ಕೊಟ್ಟು, ಆರ್ಮನ್ನ ಟಾಮೀಲಿ, ಅಂದ್ರೆ ಮೀಟೋ ಕಬ್ಬಿಣದ ಸಲಾಕೇಲಿ, ಕೆಳಗೆ ಒತ್ತಿದ್ರೆ ಕಳಚ್ಕೊಳ್ಳುತ್ತೆ. ಸ್ಟೆಬಿಲೈಸರ್ ರಾಡ್ ಅಡ್ಡ ಬಂದ್ರೆ ಅದರ ಕ್ಲಾಂಪನ್ನೂ ಸಡಿಲ ಮಾಡಿ. ಈಗ ಇಡೀ ಚಕ್ರದ ಭಾಗ ಹೊರಗಡೆಗೆ ವಾಲುತ್ತೆ, ಬ್ರೇಕ್ ಹೋಸ್ ಎಳೀದಂಗೆ, ಎಬಿಎಸ್ ವೈರ್ ಇದ್ರೆ ಅದೂ ಬಿಗಿಯಾಗ್ದಂಗೆ ನೋಡ್ಕೊಳ್ಳಿ.

ಇನ್ನು ಶಾಫ್ಟ್. ಶಾಫ್ಟಿನ ಕಡ್ಡಿ ಹಿಡಿದು ಎಳೀಲೇಬಾರ್ದು. ಎಳೆದ್ರೆ ಗೇರ್‌ಬಾಕ್ಸ್ ಕಡೆ ತುದೀಲಿರೋ ಜಾಯಿಂಟ್ ಬೂಟಿನ ಒಳಗೇ ಬಿಟ್ಕೊಳ್ಳುತ್ತೆ, ಆಮೇಲೆ ಬೂಟ್ ಬಿಚ್ಚಿ ಗ್ರೀಸಲ್ಲಿ ಕೈ ಹಾಕಿ ಸೇರಿಸ್ಬೇಕಾಗುತ್ತೆ. ಗೇರ್‌ಬಾಕ್ಸಿಗೂ ಜಾಯಿಂಟಿನ ಕಬ್ಬಿಣದ ಬಟ್ಟಲಿಗೂ ಮಧ್ಯೆ ಒಂದು ಸಂದಿ ಇರುತ್ತೆ, ಅಲ್ಲಿ ಟಾಮಿ ಇಟ್ಟು ಗೇರ್‌ಬಾಕ್ಸ್ ಕಡೆ ಒಂದು ಮರದ ಚೂರು ಕೊಟ್ಟು ಮೀಟಿ, ಗೇರ್‌ಬಾಕ್ಸ್ ಅಲ್ಯೂಮಿನಿಯಂ, ಗೀರು ಬೀಳುತ್ತೆ. ಟಕ್ ಅಂತ ಸರ್ಕ್ಲಿಪ್ ಬಿಟ್ಟಿದ್ದು ಕೈಗೇ ಗೊತ್ತಾಗುತ್ತೆ. ಮಿಕ್ಕಿದ್ದ ಎಣ್ಣೆ ಒಂದು ಲೋಟದಷ್ಟು ಮುಖದ ಕಡೆಗೇ ಬರುತ್ತೆ, ಕೆಳಗೆ ತಟ್ಟೆ ಇಟ್ಟಿರಿ. ಹೊರಗೆ ಬಂದ ಶಾಫ್ಟನ್ನ ನೇತಾಡಕ್ಕೆ ಬಿಡ್ದೆ ಟೊಮೆಟೊ ಕ್ರೇಟ್ ಮಗುಚಿ ಹಾಕಿ ಅದರ ಮೇಲೆ ಬಟ್ಟೆ ಹಾಸಿ ಇಡಿ. ಎರಡೂ ಕಡೆ ಸೀಲ್ ಹಾಕೋದಿದ್ರೂ ಎರಡೂ ಶಾಫ್ಟ್ ಒಟ್ಟಿಗೆ ತೆಗೀಬೇಡಿ, ಒಂದು ಮುಗಿಸಿ ಇನ್ನೊಂದು, ಕೆಲವು ಗೇರ್‌ಬಾಕ್ಸಲ್ಲಿ ಒಳಗಿನ ಡಿಫರೆನ್ಷಿಯಲ್ ಗೇರುಗಳು ಜಾಗ ಬಿಟ್ಟು ಸರಿದ್ಬಿಡ್ತವೆ.

ಹಳೇ ಸೀಲ್ ಕೀಳೋ ಮುಂಚೆ

ಇಲ್ಲಿ ಅವಸರ ಬೇಡ. ಹಳೇ ಸೀಲ್ ಎಷ್ಟು ಆಳದಲ್ಲಿ ಕೂತಿದೆ ಅಂತ ಅಳೀರಿ. ನಾನು ಬೆಂಕಿಕಡ್ಡಿ ಇಟ್ಟು ಗೇರ್‌ಬಾಕ್ಸಿನ ಅಂಚಿಗೆ ಸಮ ಬರೋ ಕಡೆ ಉಗುರಲ್ಲಿ ಒತ್ತಿ ಗುರುತು ಮಾಡಿ ಆ ಕಡ್ಡೀನ ಜೇಬಲ್ಲಿಟ್ಕೊತೀನಿ, ಹೊಸದು ಹಾಕುವಾಗ ಅದೇ ಅಳತೆ. ಆಮೇಲೆ ಅಗಲ ಸ್ಕ್ರೂ ಡ್ರೈವರ್ ಇಲ್ಲ ಸೀಲ್ ಪುಲ್ಲರ್ ಹಾಕಿ ಒಂದೊಂದು ಕಡೆ ಸ್ವಲ್ಪ ಸ್ವಲ್ಪ ಎಬ್ಬಿಸಿ, ಸೀಲು ಕೂರೋ ಗೋಡೆಗೆ ಗೀರು ಬಿದ್ರೆ ಆ ಗೀರಿನಲ್ಲೇ ಎಣ್ಣೆ ದಾರಿ ಮಾಡ್ಕೊಳ್ಳುತ್ತೆ.

ಇನ್ನು ಸೀಲ್ ಯಾಕೆ ಹೋಯ್ತು ಅಂತ ಮೂರು ಕಡೆ ನೋಡ್ಬೇಕು. ಮೊದಲನೇದು ನನ್ನ ಎರಡು ಸಲದ ಕಥೆ. ಮೊದಲನೇ ಸಲ ಹೊಸ ಸೀಲ್ ನೀಟಾಗಿ ಕೂರಿಸಿದ್ದೆ, ಮೂರು ತಿಂಗಳು ಒಣಗಿತ್ತು, ಆಮೇಲೆ ಮತ್ತೆ ಅದೇ ಜಾಗದಲ್ಲಿ ಹನಿ. ಅಂಗಡಿಯವರ ಸೀಲೇ ಸರಿ ಇಲ್ಲ ಅಂದ್ಕೊಂಡಿದ್ದೆ. ಹಳೇ ಗ್ಯಾರೇಜಿನ ಒಬ್ಬ ಅಣ್ಣ ಬಂದು ನೋಡಿ ಸೀಲ್ ಮುಟ್ಟಲೇ ಇಲ್ಲ, ಬಾನೆಟ್ ಎತ್ತಿ ಗೇರ್‌ಬಾಕ್ಸ್ ಮೇಲೆ ಕೈಯಾಡಿಸಿ "ಉಸಿರು ಕಟ್ಟಿದೆ ನೋಡಪ್ಪ" ಅಂದ್ರು. ಗೇರ್‌ಬಾಕ್ಸ್ ಮೇಲ್ಗಡೆ ಒಂದು ಸಣ್ಣ ಬ್ರೀದರ್ ಇರುತ್ತೆ, ಕೆಲವಕ್ಕೆ ಟೋಪಿ ಥರ, ಕೆಲವಕ್ಕೆ ಗೇಣುದ್ದ ಹೋಸ್. ಗಾಡಿ ಓಡಿ ಎಣ್ಣೆ ಬಿಸಿ ಆದಾಗ ಒಳಗಿನ ಗಾಳಿ ಹಿಗ್ಗುತ್ತೆ, ಅದು ಹೊರಗೆ ಹೋಗಕ್ಕೆ ಇರೋ ದಾರಿ ಅದೊಂದೇ. ನನ್ನ ಗಾಡೀಲಿ ಅದರ ಬಾಯಿಗೆ ಕೆಂಪು ಮಣ್ಣು, ಎಣ್ಣೆ ಜಿಡ್ಡು ಸೇರಿ ಗೋಡೆ ಗಾರೆ ಥರ ಗಟ್ಟಿ ಕೂತಿತ್ತು, ಅವರು ಸ್ಟೇಪಲ್ ಪಿನ್ ನೇರ ಮಾಡಿ ಚುಚ್ಚಿದಾಗ ಬಿಲ್ಲೆ ಬಿಲ್ಲೆಯಾಗಿ ಉದುರ್ತು. ದಾರಿ ಮುಚ್ಚಿದಾಗ ಗಾಳಿ ಎಲ್ಲಿ ಮೆತ್ತಗಿದೆಯೋ ಅಲ್ಲಿ ತಳ್ಳುತ್ತೆ, ಮೆತ್ತಗಿರೋದು ಸೀಲಿನ ತುಟಿ. ಅದನ್ನ ಸೀಮೆಎಣ್ಣೇಲಿ ತೊಳೆದು ಎರಡನೇ ಸಲ ಸೀಲ್ ಹಾಕಿದ ಮೇಲೆ ಇವತ್ತಿನವರೆಗೂ ಆ ಕಡೆ ಒಂದು ಹನಿ ಇಲ್ಲ. ಟೊಮೆಟೊ ಸೀಸನ್ನಲ್ಲಿ ತೋಟದ ದಾರಿಗಳಲ್ಲಿ ದಿನಾ ಓಡಾಡೋ ಗಾಡಿ ನಿಮ್ದು ಅಂದ್ರೆ ಬ್ರೀದರ್ ಮೊದಲು ನೋಡಿ, ಸೀಲ್ ಆಮೇಲೆ.

ಎರಡನೇದು ಶಾಫ್ಟಿನ ಮೈ. ಸೀಲಿನ ತುಟಿ ಉಜ್ಜೋ ಜಾಗ ಹೊಳೀತಿರುತ್ತೆ, ಅಲ್ಲಿ ಉಗುರು ಅಡ್ಡಡ್ಡ ಎಳೆದು ನೋಡಿ. ಉಗುರು ಸಿಕ್ಕಿ ನಿಂತ್ರೆ ಗೆರೆ ಬಿದ್ದಿದೆ ಅಂತ, ತುಟಿಗೂ ಕಬ್ಬಿಣಕ್ಕೂ ಮಧ್ಯೆ ಸೇರಿದ ಧೂಳು ವರ್ಷಾನುಗಟ್ಟಲೆ ತೇದು ತೇದು ಕೊರೆದಿರುತ್ತೆ. ಸಣ್ಣ ತುಕ್ಕು ಇದ್ರೆ 400 ನಂಬರಿಗಿಂತ ನಯವಾದ ಎಮರಿ ಪೇಪರಿಗೆ ಎಣ್ಣೆ ಹಚ್ಚಿ ಸುತ್ತಲೂ ತಿರುಗಿಸ್ತಾ ಉಜ್ಜಿ, ಉದ್ದಕ್ಕೆ ಉಜ್ಜಬೇಡಿ. ಗೆರೆ ಆಳ ಇದ್ರೆ ಹೊಸ ಸೀಲನ್ನ ಒಂದು ಒಂದೂವರೆ ಮಿಲಿಮೀಟರ್ ಆಚೀಚೆ ಕೂರಿಸಿ ತುಟಿ ಹೊಸ ಜಾಗದಲ್ಲಿ ಬರೋ ಹಾಗೆ ಮಾಡ್ಬೋದು, ಅದಕ್ಕೆ ಗೇರ್‌ಬಾಕ್ಸಲ್ಲಿ ಜಾಗ ಇದ್ರೆ ಮಾತ್ರ. ಇಲ್ಲಾಂದ್ರೆ ಜಾಯಿಂಟೇ ಬದಲಾಯಿಸ್ಬೇಕು.

ಮೂರನೇದು ಆಟ, ಅಂದ್ರೆ ಸಡಿಲವಾಗಿ ಅಲ್ಲಾಡೋದು. ಶಾಫ್ಟ್ ಬಿಚ್ಚೋ ಮುಂಚೇನೇ ಗೇರ್‌ಬಾಕ್ಸ್ ಹತ್ರ ಜಾಯಿಂಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೂದಲೆಳೆಯಷ್ಟು ಇದ್ರೆ ಪರವಾಗಿಲ್ಲ, ಲೊಡಕ್ ಲೊಡಕ್ ಅಂದ್ರೆ ಒಳಗೆ ಬೇರಿಂಗ್ ಸವೆದಿದೆ, ಅಂಥಾ ಕಡೆ ಯಾವ ಸೀಲೂ ನಿಲ್ಲಲ್ಲ.

ಹೊಸ ಸೀಲ್ ಕೂರಿಸೋದು

ಸೀಲ್ ಕೂರೋ ಗೋಡೆ ಒಣಬಟ್ಟೇಲಿ ಒರೆಸಿ, ಕಾಟನ್ ವೇಸ್ಟ್ ಎಳೆ ಒಳಗೆ ಬೀಳ್ದಂಗೆ ನೋಡ್ಕೊಳ್ಳಿ. ತುಟಿ ಒಳಗೆ ಸಣ್ಣ ಸುರುಳಿ ಸ್ಪ್ರಿಂಗ್ ಕಾಣೋ ಕಡೆ ಎಣ್ಣೆ ಕಡೆಗೆ, ಅಂದ್ರೆ ಗೇರ್‌ಬಾಕ್ಸ್ ಒಳಗಡೆಗೆ ಹೋಗ್ಬೇಕು. ಹೊರಮೈಗೆ ಒಂದು ಹನಿ ಗೇರ್ ಆಯಿಲ್ ಸವರಿ, ಎರಡು ತುಟಿ ಮಧ್ಯೆ ಗ್ರೀಸ್ ತುಂಬಿ, ಒಣಗಿದ ತುಟಿ ಮೇಲೆ ಶಾಫ್ಟ್ ತಿರುಗಿದ್ರೆ ಮೊದಲ ನಿಮಿಷದಲ್ಲೇ ಸುಟ್ಟ ಹಾಗಾಗುತ್ತೆ.

ಹೊಡೆಯಕ್ಕೆ ವಿಶೇಷ ಟೂಲ್ ಬೇಕಿಲ್ಲ, ಬೋರ್‌ವೆಲ್ಲಿಗೆ, ತೋಟಕ್ಕೆ ಹಾಕೋ ಪಿವಿಸಿ ಪೈಪಿನ ತುಂಡು ಸಾಕು. ಆ ಪೈಪುಗಳ ಅಳತೆ ಹೊರಗಿನ ವ್ಯಾಸದ್ದು, 50, 63, 75 ಮಿಲಿಮೀಟರ್ ಅಂತ ಬರ್ತವೆ, ಹಾಗಾಗಿ 55ರ ಸೀಲಿಗೆ 50ರ ಪೈಪ್ ಸರಿಯಾಗಿ ಅಂಚಿನ ಮೇಲೆ ಕೂರುತ್ತೆ. ಗರಗಸದಲ್ಲಿ ನೇರವಾಗಿ ಕುಯ್ದು ಅಂಚು ಉಜ್ಜಿ ನಯ ಮಾಡಿ. ಪೈಪಿನ ಇನ್ನೊಂದು ತುದಿಗೆ ಮರದ ಹಲಗೆ ಇಟ್ಟು ಸುತ್ತಿಗೇಲಿ ಮೆಲ್ಲಗೆ, ಒಂದು ಕಡೆ ಮುಂದೆ ಹೋದ್ರೆ ಎದುರು ಕಡೆ ಒಂದು ಏಟು, ಹೀಗೆ ಸಮ ಮಾಡ್ಕೊಂಡು ಹೋಗಿ. ಮೊದಮೊದಲು ಡಬ್ ಡಬ್ ಅನ್ನೋ ಸದ್ದು ಪೂರ್ತಿ ಕೂತಾಗ ಗಟ್ಟಿಯಾಗಿ ಠಕ್ ಅನ್ನುತ್ತೆ, ಆದ್ರೆ ಎಲ್ಲಾ ಗಾಡೀಲೂ ಹಿಂದೆ ಆನಿಕೆ ಇರಲ್ಲ, ಜೇಬಿನ ಬೆಂಕಿಕಡ್ಡಿ ತೆಗೆದು ಸುತ್ತ ನಾಲ್ಕು ಕಡೆ ಆಳ ನೋಡಿ.

ಶಾಫ್ಟಿಗೆ ಹೊಸ ಸರ್ಕ್ಲಿಪ್ ಹಾಕಿ, ಅದರ ತುದೀಲಿರೋ ಹಲ್ಲುಗಳಿಗೆ ಎಣ್ಣೆ ಸವರಿ, ನೇರ ಹಿಡಿದು ಒಳಗೆ ಬಿಡಿ. ಹೊಸ ಸೀಲುಗಳು ಹಾಳಾಗೋದು ಈ ಒಂದು ಕ್ಷಣದಲ್ಲೇ, ಶಾಫ್ಟಿನ ಭಾರ ತುಟಿ ಮೇಲೆ ಬಿದ್ರೆ ಆ ಹಲ್ಲುಗಳು ಬ್ಲೇಡಿನ ಥರ ಕುಯ್ತವೆ. ಅದಕ್ಕೆ ಒಬ್ರು ಹೊರಗಡೆ ಚಕ್ರದ ಭಾಗ ಎತ್ತಿ ಹಿಡ್ಕೊಂಡಿರ್ಬೇಕು, ನನಗೆ ನನ್ನ ತಮ್ಮ ಹಿಡೀತಾನೆ. ಹಲ್ಲು ಸೇರ್ಲಿಲ್ಲ ಅಂದ್ರೆ ಶಾಫ್ಟನ್ನ ಸ್ವಲ್ಪ ತಿರುಗಿಸಿ, ತುರುಕಬೇಡಿ. ಸೇರಿದ ಮೇಲೆ ಒಂದು ಗಟ್ಟಿ ತಳ್ಳು ತಳ್ಳಿದ್ರೆ ಕ್ಲಿಪ್ ಟಕ್ ಅಂತ ಕೂರುತ್ತೆ. ಕೂತಿದೆಯಾ ಅಂತ ನೋಡಕ್ಕೆ ಜಾಯಿಂಟಿನ ಬಟ್ಟಲನ್ನ ಹಿಡಿದು ಎಳೆದು ನೋಡಿ, ಬರ್ಬಾರ್ದು.

ಬಾಲ್ ಜಾಯಿಂಟ್ ವಾಪಸ್ ಮೇಲಕ್ಕೆ ಸೇರಿಸಿ, ಅದರ ಕೊರೆದ ಜಾಗ ತೂತಿಗೆ ನೇರ ಬಂದಾಗ ಬೋಲ್ಟ್ ಕೈಯಲ್ಲೇ ಸಲೀಸಾಗಿ ಹೋಗುತ್ತೆ, ಹೋಗ್ತಿಲ್ಲ ಅಂದ್ರೆ ಹೊಡೀಬೇಡಿ, ಇನ್ನೂ ಸ್ವಲ್ಪ ಮೇಲೆ ತಳ್ಳಿ. ಇದು ಸ್ಟೀರಿಂಗ್ ಕಡೆ ಬೋಲ್ಟು, ಟಾರ್ಕ್ ಪಾನಾ ಇಸ್ಕೊಂಡು ನಿಮ್ಮ ಗಾಡಿ ಮ್ಯಾನುಯಲ್ಲಲ್ಲಿರೋ ಅಳತೆಗೇ ಬಿಗಿ ಮಾಡಿ.

ಎಣ್ಣೆ ತುಂಬೋದು, ಆಮೇಲೆ ನೋಡೋದು

ಡ್ರೈನ್ ಪ್ಲಗ್, ಚಕ್ರ ಎರಡೂ ಹಾಕಿ ಗಾಡೀನ ಸ್ಟ್ಯಾಂಡಿಂದ ಇಳಿಸಿ ಸಮತಟ್ಟಾಗಿ ನಿಲ್ಲಿಸಿ ಎಣ್ಣೆ ತುಂಬ್ಬೇಕು, ಒಂದು ಕಡೆ ಎತ್ತಿದಾಗ ತುಂಬಿದ್ರೆ ಲೆವೆಲ್ ತಪ್ಪಾಗುತ್ತೆ. ನಾನು ಬಾನೆಟ್ ಕಡೆಯಿಂದ ಉದ್ದ ಟ್ಯೂಬಿಗೆ ಫನಲ್ ಸಿಕ್ಕಿಸಿ ಬಿಡ್ತೀನಿ, ಫಿಲ್ಲರ್ ತೂತಿನ ಅಂಚಿಂದ ಎಣ್ಣೆ ಸಣ್ಣಗೆ ಹರಿಯಕ್ಕೆ ಶುರು ಆದಾಗ ನಿಲ್ಲಿಸೋದು. ಜಾಸ್ತಿ ಇರ್ಲಿ ಅಂತ ಅದರ ಮೇಲೆ ತುಂಬೋದು ಸೀಲಿಗೆ ಮತ್ತೆ ಹೊರೆ.

ಸುತ್ತಮುತ್ತ ಎಲ್ಲಾ ತೊಳೆದು ಒರೆಸಿ, ಹತ್ತಿಪ್ಪತ್ತು ಕಿಲೋಮೀಟರ್ ನಿಧಾನಕ್ಕೆ ಓಡಿಸಿ. ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ ಕಟಕಟ ಸದ್ದು ಬರ್ತಿದೆಯಾ ಕೇಳಿ, ಚಕ್ರದ ನಟ್ಟುಗಳನ್ನ ಮತ್ತೆ ಒಂದ್ಸಲ ಬಿಗಿ ನೋಡಿ. ರಾತ್ರಿ ಮತ್ತೆ ರಟ್ಟು ಹಾಸಿ. ಮೊದಲ ದಿನ ಒಂದು ಹನಿ ಬಿದ್ರೆ ಗಾಬರಿ ಬೇಡ, ಸಂದೀಲಿ ಉಳಿದ ಎಣ್ಣೆ ಇಳೀತಿರ್ಬೋದು, ಮೂರನೇ ದಿನಾನೂ ಬಿದ್ರೆ ಬಿಚ್ಚಿ ನೋಡ್ಲೇಬೇಕು. ವಾಟರ್ ಸರ್ವಿಸಿಗೆ ಬಿಟ್ಟಾಗ ಹುಡುಗರಿಗೆ ಹೇಳಿ, ಪ್ರೆಷರ್ ನೀರನ್ನ ಶಾಫ್ಟಿನ ಸಂದಿಗೆ ನೇರ ಹೊಡೀಬೇಡಿ ಅಂತ, ಮಣ್ಣು ಸಮೇತ ನೀರು ತುಟಿ ದಾಟಿ ಒಳಗೆ ಹೋಗುತ್ತೆ.

ಇಳಿಸಿದ ಹಳೇ ಎಣ್ಣೇನ ಮೋರಿಗೋ ಬೇಲಿ ಬುಡಕ್ಕೋ ಸುರೀಬೇಡಿ, ನಮ್ಮ ಕಡೆ ಬೋರ್‌ವೆಲ್ ನೀರನ್ನೇ ಕುಡಿಯೋದು. ಹೊಸ ಎಣ್ಣೆ ಬಂದಿದ್ದ ಕ್ಯಾನಿಗೇ ತುಂಬಿ ಮುಚ್ಚಳ ಹಾಕಿ, ಹಳೇ ಆಯಿಲ್ ಕೂಡಿಡೋ ಗ್ಯಾರೇಜಿಗೆ ಕೊಟ್ಬಿಡಿ, ಅವರು ಬ್ಯಾರಲ್ಲಿಗೆ ಹಾಕ್ಕೊತಾರೆ. ಒಂದು ತಿಂಗಳಾದ್ಮೇಲೆ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಹಾಕಿ ಲೆವೆಲ್ ನೋಡಿ, ಹಾಗೇ ಬ್ರೀದರ್ ಬಾಯಿಗೂ ಒಂದ್ಸಲ ಪಿನ್ ಆಡಿಸಿ.